ಅಂಧೇರಿಯ ಮಳೆಮರ ಮತ್ತು ಅರವತ್ತು ಗೋಣಿಚೀಲ

ದಾದರ್

ನನ್ನ ಪಾಸ್‌ಪೋರ್ಟಿನ ಅವಧಿ ಮುಗಿಯುತ್ತ ಬಂತು, ಅದರ ಮೇಲೆ ಇನ್ನೂ ಒಂದು ಮುದ್ರೆ ಬಿದ್ದಿಲ್ಲ. ಹಾಗಾಗಿ ಪರದೇಶದ ಕಥೆ ಕೇಳಲು ಕೂತವರು ಮುಂಬಯಿಯನ್ನೇ ಪರದೇಶವೆಂದು ಒಪ್ಪಿಕೊಳ್ಳಬೇಕು. ಮೈಸೂರಿನಲ್ಲಿ ಹುಟ್ಟಿ, ಮೈಸೂರಿನ ಕಾಲೇಜಿನಲ್ಲೇ ಮೂವತ್ತು ವರ್ಷ ಪ್ರಾಣಿಶಾಸ್ತ್ರದ ಪಾಠ ಮಾಡಿ, ಮೈಸೂರಿನಲ್ಲೇ ನಿವೃತ್ತಳಾದವಳಿಗೆ ಅದು ಪರದೇಶವೇ ಸರಿ. ಭಾಷೆ ಬೇರೆ, ನಡಿಗೆಯ ವೇಗ ಬೇರೆ, ಬೆವರಿನ ವರ್ತನೆಯೂ ಬೇರೆ. ಈ ಬೆವರಿನ ವಿಷಯವನ್ನು ನೆನಪಿಟ್ಟುಕೊಳ್ಳಿ. ನಾನು ನೆನಪಿಟ್ಟುಕೊಳ್ಳದೆ ಕೆಟ್ಟೆ.

ಹೊರಡಿಸಿದ್ದು ಒಂದು ಫೋನು. ಗುಲಾಬಿ ನನ್ನ ಹಾಸ್ಟೆಲಿನ ಕೋಣೆಯ ಜೊತೆಗಾತಿ, ಉಡುಪಿಯವಳು. ಮದುವೆಯಾಗಿ ಅಂಧೇರಿಗೆ ಹೋದವಳು, ಗಂಡ ತೀರಿಕೊಂಡ ಮೇಲೆ ಅವರ ಹೋಟೆಲನ್ನು ತಾನೇ ನಡೆಸುತ್ತಾಳೆ. ವರ್ಷಕ್ಕೆ ಎರಡು ಸಲ ಮಾತಾಡುವ ಸ್ನೇಹ ನಮ್ಮದು. ಆ ಬೆಳಿಗ್ಗೆ ಕುಶಲ ಕೂಡ ಕೇಳದೆ ಶುರು ಮಾಡಿದಳು.

"ವಿಮಲಾ, ನಮ್ಮ ಮಳೆಮರದಿಂದ ಬಾವಲಿ ಪಟಪಟ ಬೀಳ್ತಾ ಉಂಟು ಮಾರಾಯ್ತಿ. ಮಧ್ಯಾಹ್ನ ಆದ್ರೆ ಆಯ್ತು, ಎರಡು ಮೂರು ಸತ್ತು ಬೀಳುದೇ. ಬಿಲ್ಡಿಂಗಿನವರು ರೋಗ ಅಂತ ಹೇಳಿ ಮರದ ತಲೆ ಬೋಳಿಸ್ಲಿಕ್ಕೆ ಹೊರಟಿದ್ದಾರೆ. ಪರ್ಮಿಶನ್ನೂ ಬಂದಾಯ್ತು. ನೀನು ಅಷ್ಟು ವರ್ಷ ಬಾವಲಿ ಲೆಕ್ಕ ಮಾಡಿದ್ದು ಎಂತಕ್ಕೆ, ಉಪ್ಪಿನಕಾಯಿ ಹಾಕ್ಲಿಕ್ಕಾ?"

ಉಪ್ಪಿನಕಾಯಿ ಹಾಕುವಷ್ಟು ಲೆಕ್ಕ ನನ್ನಲ್ಲಿರುವುದು ನಿಜ. ನಮ್ಮ ಮನೆಯ ಹಿಂದಿನ ಆಲದ ಮರದಲ್ಲಿ ಹಣ್ಣು ತಿನ್ನುವ ದೊಡ್ಡ ಬಾವಲಿಗಳಿವೆ. ಹನ್ನೊಂದು ಬೇಸಿಗೆಗಳಿಂದ ಅವು ಸೆಕೆಯನ್ನು ಹೇಗೆ ನಿಭಾಯಿಸುತ್ತವೆ ಎಂದು ನೋಡಿ ಬರೆದಿಟ್ಟಿದ್ದೇನೆ. ಬಾವಲಿಯ ಮೈಯೂ ನಮ್ಮ ಮೈಯಂತೆ ಒಂದೇ ಹದದ ಬಿಸಿಯಲ್ಲಿ ಇರಬೇಕು. ಹೊರಗಿನ ಬಿಸಿ ಏರಿದಂತೆ ಅದು ಮೊದಲು ರೆಕ್ಕೆ ಬಿಡಿಸಿ ಬೀಸಿಕೊಳ್ಳುತ್ತದೆ. ಅದು ಸಾಲದಾದಾಗ ಎದೆಗೂ ರೆಕ್ಕೆಗೂ ಎಂಜಲು ನೆಕ್ಕಿಕೊಳ್ಳುತ್ತದೆ, ಅದೇ ಅದರ ಬೆವರು. ಆಮೇಲೆ ಏದುಸಿರು. ಕೊನೆಗೆ ಕೊಂಬೆ ಬಿಟ್ಟು ಕಾಂಡದ ಮೇಲೆ ಕೆಳಕೆಳಗೆ ಜಾರುತ್ತದೆ. ಜಾರಿದ್ದು ಬೀಳುತ್ತದೆ. ಮೈಸೂರಿನಲ್ಲಿ ನಾನು ಬಿದ್ದದ್ದನ್ನು ಕಂಡಿರಲಿಲ್ಲ.

ಉಷ್ಣಮಾಪಕ, ದುರ್ಬೀನು, ಹನ್ನೊಂದು ನೋಟುಪುಸ್ತಕ ಕಟ್ಟಿಕೊಂಡು ರೈಲು ಹತ್ತಿದೆ. ಸೋಮವಾರ ದಾದರಿನಲ್ಲಿ ಇಳಿದೆ ಎಂದರೆ ಸುಳ್ಳಾಗುತ್ತದೆ, ಹಿಂದಿದ್ದವರು ಇಳಿಸಿದರು. ಸೇತುವೆ ಹತ್ತಿ ಆ ಕಡೆಗೆ ಹೋಗಿ ಲೋಕಲ್‌ನ ಹೆಂಗಸರ ಡಬ್ಬಿಗೂ ಹಾಗೆಯೇ ಹತ್ತಿಸಲ್ಪಟ್ಟೆ. ಸುಮ್ಮನೆ ಕೂತ ಮನುಷ್ಯನ ಮೈ ಒಂದು ದೊಡ್ಡ ಬಲ್ಬಿನಷ್ಟು ಶಾಖ ಬಿಡುತ್ತದೆ ಎಂದು ಮೂವತ್ತು ವರ್ಷ ಪಾಠ ಹೇಳಿದ್ದೆ. ಅವತ್ತು ಆ ಬಲ್ಬುಗಳು ಮುನ್ನೂರು, ಎಲ್ಲ ಹೊತ್ತಿಸಿದ್ದವು, ನಡುವೆ ನಾನು. ಮೈಸೂರಿನ ಸಿಟಿ ಬಸ್ಸಿನಲ್ಲಿ ಯಾರಾದರೂ ಮೈಗೆ ತಾಗಿದರೆ ತಿರುಗಿ ನೋಡುತ್ತೇವೆ. ಇಲ್ಲಿ ತಿರುಗಲು ಜಾಗ ಬೇಕಲ್ಲ! ಪಕ್ಕದ ಹೆಂಗಸು ನನ್ನ ಹೆಗಲ ಮೇಲೆ ಬುಟ್ಟಿಯಿಟ್ಟು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಸಿಪ್ಪೆಯನ್ನು ಚೀಲಕ್ಕೆ ಹಾಕುವಾಗ ನಡುನಡುವೆ ನನ್ನನ್ನು ನೋಡಿ ನಗುತ್ತಿದ್ದಳು.

ಅಂಧೇರಿ

ಗುಲಾಬಿಯ ಹೋಟೆಲು ದೊಡ್ಡ ರಸ್ತೆಯಿಂದ ಒಂದು ತಿರುವು ಒಳಗೆ. ಮುಂದೆ ಕೂರುವ ಜಾಗ, ಹಿಂದೆ ಅಡುಗೆಮನೆ, ಅದಕ್ಕೆ ತಗುಲಿ ಏಳು ಮಾಳಿಗೆಯ ಬಿಲ್ಡಿಂಗಿನ ಅಂಗಳ. ಎರಡರ ನಡುವೆ ಆ ಮಳೆಮರ. ಅಡುಗೆಮನೆಯ ಮೇಲೂ ಅಂಗಳದ ಮೇಲೂ ಸಮನಾಗಿ ಕೊಂಬೆ ಚಾಚಿ, ಪಕ್ಷಪಾತವಿಲ್ಲದ ಹೆಡ್‌ಮಾಸ್ತರರಂತೆ ನಿಂತಿದೆ. ಕೊಂಬೆಗಳ ತುಂಬ ಮುನ್ನೂರಕ್ಕೆ ಕಡಿಮೆಯಿಲ್ಲದ ಬಾವಲಿಗಳು. ಮೇ ತಿಂಗಳು, ಹೆಚ್ಚಿನ ತಾಯಂದಿರ ಎದೆಯಲ್ಲಿ ಮರಿ.

"ಇವ್ರು ಹೋದ ಮೇಲೆ," ಗುಲಾಬಿ ಗಂಡನ ಫೋಟೋದ ಕಡೆ ಕಣ್ಣು ತೋರಿಸಿದಳು, "ನನಗೆ ಗಡಿಯಾರ ಅಂದ್ರೆ ಇವೇ. ಸಂಜೆ ಏಳೂಕಾಲಿಗೆ ಎಲ್ಲ ಒಟ್ಟಿಗೆ ಹೊರಡ್ತಾವೆ. ಇವ್ರೂ ದಿನಾ ಬಾಗಿಲಲ್ಲಿ ನಿಂತು ನೋಡ್ತಿದ್ರು. ಈಗ ನಾನು ನಿಲ್ತೇನೆ. ಅಷ್ಟಾದ ಮೇಲೇ ನನ್ನ ದಿನ ಮುಗಿಯುದು. ಕೊಂಬೆ ಕಡಿದ್ರೆ ಅವು ಬೇರೆ ಕಡೆ ಹೋಗ್ತಾವೆ ಅಂತಾರೆ. ನಾನೆಲ್ಲಿ ಹೋಗುದು?"

ಇಷ್ಟು ಹೇಳಿ ಎದ್ದು ಹೋಗಿ ಸಾಂಬಾರಿನ ಉಪ್ಪು ನೋಡಿದಳು. ಗುಲಾಬಿ ಅಳುವ ಕ್ರಮ ಇದೇ. ಹಾಸ್ಟೆಲಿನಲ್ಲೂ ಹೀಗೆಯೇ ಎದ್ದು ಹೋಗುತ್ತಿದ್ದಳು.

ಬಿಲ್ಡಿಂಗಿನ ಸೆಕ್ರೆಟರಿ ಊಟದ ಹೊತ್ತಿಗೆ ಬಂದ. ಹೆಸರು ಚೇತನ್, ಮೂವತ್ತೈದರ ಆಸುಪಾಸು. ಅಪ್ಪ ಅಮ್ಮ ಕುಂದಾಪುರದವರು, ಇವನು ಇಲ್ಲೇ ಹುಟ್ಟಿದವನು. ನಾನು ಜಗಳಕ್ಕೆ ಸೊಂಟ ಕಟ್ಟಿದ್ದೆ, ಆದರೆ ಅವನು ಜಗಳಗಂಟನಲ್ಲ. ಹೆದರಿದ ಅಪ್ಪ ಅಷ್ಟೆ.

"ಆಂಟಿ, ಕನ್ನಡ ನಂಗೆ ಪೂರಾ ಸಮಜ್ತದೆ, ಬೋಲ್ನೇ ಮೇ ಸ್ವಲ್ಪ ಪ್ರಾಬ್ಲಂ. ನನ್ನ ಮಗಳು ಚಾರ್ ಸಾಲ್‌ಕಿ. ಬಿದ್ದ ಬಚ್ಚಾನ ಕೈಯಲ್ಲಿ ತಗೊಂಡು ಮನೆಗೆ ಬಂದ್ಳು, ಪಪ್ಪಾ ಪಪ್ಪಿ ಪಪ್ಪಿ, ನಾಯಿಮರಿ ಅಂತ. ಇಂಜೆಕ್ಷನ್ ಎಲ್ಲ ಮಾಡ್ಸಿದೆ. ಆಪ್ ಹೀ ಬೋಲೋ, ನಾನು ಏನು ಮಾಡ್ಬೇಕು?"

ಮಗು ಮತ್ತೆ ಮುಟ್ಟದಂತೆ ನೋಡಿಕೊಳ್ಳಬೇಕು, ಇಂಜೆಕ್ಷನ್ ಕೊಡಿಸಿದ್ದು ಸರಿ ಎಂದೆ. ಆದರೆ ಇವು ಬೀಳುತ್ತಿರುವುದು ರೋಗದಿಂದಲ್ಲ, ಸೆಕೆಯಿಂದ ಎಂದೂ ಹೇಳಿದೆ.

"ಸೆಕೆ ಹರ್ ಸಾಲ್ ಇತ್ತಲ್ಲ ಆಂಟಿ? ಈ ವರ್ಷ ಮಾತ್ರ ಯಾಕೆ ಬೀಳ್ತಾವೆ?"

ಪ್ರಶ್ನೆ ಚೆನ್ನಾಗಿತ್ತು. ನೋಟುಪುಸ್ತಕ ತೆಗೆದು ಅದನ್ನು ಬರೆದುಕೊಂಡೆ. ಗುರುವಾರ ಹನ್ನೊಂದಕ್ಕೆ ಕೊಂಬೆ ಕಡಿಯುವವರು ಬರುತ್ತಾರೆ, ಅಷ್ಟರೊಳಗೆ ರೋಗವಲ್ಲವೆಂದು ತೋರಿಸಿದರೆ ತಾನೇ ಅವರನ್ನು ವಾಪಸು ಕಳಿಸುತ್ತೇನೆ ಎಂದು ಹೇಳಿ ಅವನು ಹೋದ. ಇವತ್ತಿನದನ್ನು ಬಿಟ್ಟರೆ ಎರಡು ದಿನ.

ಮಧ್ಯಾಹ್ನ ಅಂಗಳದಲ್ಲಿ ಕುರ್ಚಿ ಹಾಕಿ ಕೂತೆ. ಉಷ್ಣಮಾಪಕ ತೋರಿಸುತ್ತಿದ್ದ ಬಿಸಿ ಮೈಸೂರಿನ ಏಪ್ರಿಲ್ಲಿಗಿಂತ ಹೆಚ್ಚೇನಲ್ಲ. ನನ್ನ ನೋಟುಪುಸ್ತಕದ ಪ್ರಕಾರ ಅಷ್ಟು ಬಿಸಿಗೆ ಬಾವಲಿ ಹಾಯಾಗಿ ಬೀಸಿಕೊಳ್ಳುತ್ತಿರಬೇಕು. ಇಲ್ಲಿ ನೋಡಿದರೆ ಆಗಲೇ ಎಂಜಲಿನ ಹಂತ ದಾಟಿ ಏದುಸಿರು ಬಿಡುತ್ತಿದ್ದವು. ಹನ್ನೊಂದು ವರ್ಷದ ಲೆಕ್ಕ ಒಂದೇ ಮಧ್ಯಾಹ್ನಕ್ಕೆ ಕೈಕೊಟ್ಟಿತು.

ಕಾರಣ ನನ್ನ ಬೆನ್ನಿನ ಮೇಲೆಯೇ ಹರಿಯುತ್ತಿತ್ತು, ತಡವಾಗಿ ಹೊಳೆಯಿತು. ಮೈಸೂರಿನಲ್ಲಿ ಬೆವರು ಬಂದದ್ದು ಗೊತ್ತಾಗುವುದರೊಳಗೆ ಆರುತ್ತದೆ, ಆರುವಾಗ ಮೈಯ ಬಿಸಿಯನ್ನು ಒಯ್ಯುತ್ತದೆ. ಮುಂಬಯಿಯ ಗಾಳಿ ಮೊದಲೇ ನೀರು ಕುಡಿದು ಹೊಟ್ಟೆ ತುಂಬಿಸಿಕೊಂಡ ಗಾಳಿ. ಅದರಲ್ಲಿ ಬೆವರು ಆರುವುದಿಲ್ಲ, ಸುಮ್ಮನೆ ಇಳಿಯುತ್ತದೆ. ಬಾವಲಿಯ ಎಂಜಲಿನ ಗತಿಯೂ ಅದೇ. ನೆಕ್ಕಿಕೊಳ್ಳುವ ದುಡಿಮೆಯ ಬಿಸಿ ಮೈಗೆ ಸೇರುತ್ತದೆ, ತಂಪು ಮಾತ್ರ ಬರುವುದಿಲ್ಲ. ಆದರೂ ಚೇತನ್ ಕೇಳಿದ ಪ್ರಶ್ನೆ ಹಾಗೆಯೇ ಉಳಿಯಿತು. ಮುಂಬಯಿ ಹೋದ ವರ್ಷವೂ ಒದ್ದೆಯಾಗಿಯೇ ಇತ್ತಲ್ಲ.

ನನ್ನ ಕಣ್ಣೆದುರೇ ಎರಡು ಬಿದ್ದವು.

ಮಳೆಮರದ ಕೆಳಗೆ

ಮಂಗಳವಾರ ನಾನು ಮಾಡಿದ್ದನ್ನು ಬರೆಯಲು ನಾಚಿಕೆ. ಆದರೆ ಪ್ರವಾಸ ಹೋದವರು ಗೆದ್ದದ್ದನ್ನಷ್ಟೇ ಬರೆದರೆ ಓದುವವರಿಗೆ ಮೋಸ.

ಎರಡು ಗಂಟೆಗೆ ಬಾವಲಿಗಳು ಏದುಸಿರಿಗೆ ಬಂದಾಗ ಗುಲಾಬಿಯ ಹೋಟೆಲಿನ ನೆಲ ತೊಳೆಯುವ ಪೈಪು ಎಳೆದುಕೊಂಡು ಬಂದು, ಅದರ ಬಾಯಿಗೆ ಹೆಬ್ಬೆರಳು ಒತ್ತಿ, ಮರದ ಮೇಲಕ್ಕೆ ನೀರು ಹಾರಿಸಿದೆ. ಮಳೆ ಬಂದಂತೆ ಖುಷಿಪಡುತ್ತವೆ ಅಂದುಕೊಂಡೆ. ನೀರು ತಗುಲಿದ್ದೇ ತಡ, ಇಡೀ ಮರ ಕಿರುಚಿ ಎದ್ದಿತು. ನೂರಾರು ಬಾವಲಿಗಳು ಉರಿಬಿಸಿಲಿನಲ್ಲಿ ಸುತ್ತು ಹಾಕತೊಡಗಿದವು, ಎದೆಗೆ ಕಚ್ಚಿಕೊಂಡ ಮರಿಗಳ ಸಮೇತ. ಹಾರುವಾಗ ಬಾವಲಿಯ ಮೈಯೊಳಗಿನ ಒಲೆ ಸುಮ್ಮನೆ ತೂಗುವಾಗಿನದಕ್ಕಿಂತ ಹತ್ತಾರು ಪಟ್ಟು ಜೋರಾಗಿ ಉರಿಯುತ್ತದೆ. ಇದನ್ನು ಪಾಠ ಹೇಳಿದವಳು ನಾನೇ. ಬಾಣಲೆಯಿಂದ ತೆಗೆದು ಬೆಂಕಿಗೆ ಹಾಕಿದ ಹಾಗಾಯಿತು. ಅರ್ಧ ಗಂಟೆಯಲ್ಲಿ ಐದು ಬಿದ್ದವು. ಬಿಲ್ಡಿಂಗಿನ ಬಾಲ್ಕನಿಗಳಲ್ಲಿ ಜನ ನಿಂತು ಮೊಬೈಲಿನಲ್ಲಿ ನನ್ನನ್ನು ಹಿಡಿದುಕೊಳ್ಳುತ್ತಿದ್ದರು.

ಆಗ ಪಕ್ಕದಿಂದ ಒಂದು ಜೋರು ದನಿ ಬಂತು.

"ಏ ಅಕ್ಕಾರ, ಬಂದ ಮಾಡ್ರಿ ಅದನ! ನೀರ ಹಿಂಗ ಹೊಡೀತಾರೇನ್ರಿ ಯಾರರೆ?"

ಪಕ್ಕದಲ್ಲಿ ಹೊಸ ಕಟ್ಟಡವೊಂದು ಏಳುತ್ತಿದೆ. ಅಲ್ಲಿ ಕಾಂಕ್ರೀಟಿಗೆ ನೀರುಣಿಸುವ ಕೆಲಸ ಶಾಂತವ್ವನದು. ವಿಜಯಪುರ ಜಿಲ್ಲೆಯವಳು, ನನ್ನ ವಯಸ್ಸಿಗೆ ಹತ್ತು ಕಡಿಮೆ, ನನ್ನ ಗಂಟಲಿಗೆ ಹತ್ತು ಪಟ್ಟು ಹೆಚ್ಚು. ದಿನಾ ಮಧ್ಯಾಹ್ನ ಇದೇ ಮರದ ಕೆಳಗೆ ರೊಟ್ಟಿ ಬಿಚ್ಚುವವಳು. ಬಂದವಳೇ ನಲ್ಲಿ ನಿಲ್ಲಿಸಿದಳು. ಬರಿಗೈಯಲ್ಲಿ ಮುಟ್ಟಬೇಡ ಎಂದು ನಾನು ಕೂಗಿದೆ. "ನಂಗೂ ಕೈ ಬೇಕಾಗ್ಯಾವ್ರಿ" ಎಂದು ಹೇಳಿ, ಒದ್ದೆ ಹಿಂಡಿದ ಗೋಣಿಚೀಲದಲ್ಲಿ ಬಿದ್ದ ಬಾವಲಿಯನ್ನು ಸುತ್ತಿ ಎತ್ತಿ ಕಾಂಡದ ಬುಡದ ನೆರಳಿಗಿಟ್ಟಳು. ಉಳಿದವಕ್ಕೂ ಹಾಗೆಯೇ ಮಾಡಿದಳು. ಮೂರು ಸತ್ತಿದ್ದವು. ಎರಡು ಬದುಕಿದ್ದವು, ಒಂದರ ಎದೆಯಲ್ಲಿ ಮರಿ. ಒಂದು ಗಂಟೆಯ ನಂತರ ಆ ತಾಯಿ ಚೀಲದಿಂದ ಹೊರಬಂದು, ಮುದುಕಿ ಮೆಟ್ಟಿಲು ಹತ್ತಿದ ಹಾಗೆ ಒಂದೊಂದೇ ಉಗುರು ಊರುತ್ತ ಕಾಂಡ ಹತ್ತಿತು. ನಾನು ಶಾಂತವ್ವನ ಕೈ ಹಿಡಿದುಕೊಂಡು ನಿಂತಿದ್ದೆ, ಯಾವಾಗ ಹಿಡಿದೆನೋ ನೆನಪಿಲ್ಲ.

"ಕಾದ ಸ್ಲ್ಯಾಬಿಗೆ ನಡು ಮಧ್ಯಾನ್ನ ತಣ್ಣೀರ ಹೊಡದ್ರ ಸ್ಲ್ಯಾಬ ಬಿರೀತೈತ್ರಿ," ಅಂದಳು ಶಾಂತವ್ವ. "ಕಾಯೂಕಿಂತ ಮೊದ್ಲ ಗೋಣಿ ಹಾಸಿ ತೋಯಿಸಬೇಕು. ಬೆಳಗ್ಗಿಂದ ಆರಾಕ ಬಿಡಬಾರ್ದು. ಇಷ್ಟ ನಮ್ಮ ಕೆಲಸ. ಅದಿರ್ಲಿ ಅಕ್ಕಾರ, ನಿನ್ನಿಯಿಂದ ನೋಡಾಕತ್ತೀನಿ, ಎಷ್ಟ ಬಿದ್ದೂವು, ಎಷ್ಟೊತ್ತಿಗೆ ಬಿದ್ದೂವು, ಎಲ್ಲಾ ಬರಕೋತೀರಿ. ಎಲ್ಲಿ ಬಿದ್ದೂವು ಅಂತ ಬರಕೊಂಡೀರೇನು?"

ನಾನು ಪುಸ್ತಕ ನೋಡಿದೆ. ಹೊತ್ತಿಗೆ ಒಂದು ಸಾಲು, ಬಿಸಿಗೆ ಒಂದು ಸಾಲು. ಜಾಗಕ್ಕೆ ಸಾಲೇ ಇರಲಿಲ್ಲ.

"ಹೋಟೆಲ್ ಮ್ಯಾಲಿನ ಟೊಂಗಿಯಿಂದಷ್ಟ ಬೀಳ್ತಾವ್ರಿ. ನಾ ಉಣ್ಣಾಕ ಕುಂಡ್ರೂ ಕಡೆ ಇವತ್ತಿನ ತನಕ ಒಂದೂ ಬಿದ್ದಿಲ್ಲ. ಬರ್ರಿ, ಮ್ಯಾಲ ಬರ್ರಿ."

ಹೊಸ ಕಟ್ಟಡದ ಮೂರನೆಯ ಮಾಳಿಗೆಗೆ ಕರೆದೊಯ್ದಳು. ಅಲ್ಲಿಂದ ಮರದ ನಡುಭಾಗ ಕೈಗೆಟುಕುವಷ್ಟು ಹತ್ತಿರ. ಉದ್ದನೆಯ ಬಿದಿರಿನ ತುದಿಗೆ ನನ್ನ ಉಷ್ಣಮಾಪಕ ಕಟ್ಟಿ ಅಂಗಳದ ಕಡೆಯ ಕೊಂಬೆಯ ಬಳಿ ಚಾಚಿದೆವು, ಆಮೇಲೆ ಹೋಟೆಲಿನ ಕಡೆಗೆ. ಎರಡನೆಯ ಸಲ ಬಿದಿರನ್ನು ಒಳಗೆಳೆದುಕೊಂಡು ನೋಡಿದಾಗ ಪಾದರಸ ನಾಲ್ಕು ಗೀಟು ಮೇಲಿತ್ತು. ಒಂದೇ ಮರದಲ್ಲಿ ಎರಡು ಊರು! ಕೆಳಗೆ ಬಗ್ಗಿ ನೋಡಿದೆ. ಕೊಂಬೆಗಳ ನೇರ ಕೆಳಗೆ ಅಡುಗೆಮನೆಯ ಹೊಚ್ಚ ಹೊಸ ತಗಡಿನ ಮಾಡು ಮಿಂಚುತ್ತಿತ್ತು. ಅದರ ಪಕ್ಕದಲ್ಲಿ ಹೊಗೆ ಹೊರಹಾಕುವ ದಪ್ಪ ಕೊಳವೆ, ಬಾಯಿ ಮೇಲಕ್ಕೆ ಮಾಡಿ, ದೋಸೆಕಲ್ಲಿನ ಬಿಸಿಯನ್ನೆಲ್ಲ ಮರದೊಳಗೆ ಉಗುಳುತ್ತಿತ್ತು.

ದೀಪದ ಬುಡದಲ್ಲಿ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಆದರೆ ಇದನ್ನು ಗುಲಾಬಿಗೆ ಹೇಳುವವರು ಯಾರು?

ನಾನೇ ಹೇಳಿದೆ. ಅವಳು ಗಲ್ಲಾದ ಕುರ್ಚಿಯಲ್ಲಿ ಕೂತು ಪೂರ್ತಿ ಕೇಳಿದಳು.

"ಮೊದ್ಲು ಹಂಚಿನ ಮಾಡಿತ್ತು," ಅಂದಳು ಕೊನೆಗೆ. "ಹೋದ ಮಳೆಗಾಲದಲ್ಲಿ ಸೋರಿತು ಅಂತ ತಗಡು ಹಾಕ್ಸಿದ್ದು. ಕೊಳವೆ ಬಿಲ್ಡಿಂಗಿನ ಕಡೆ ಇತ್ತು. ಒಗ್ಗರಣೆ ವಾಸನೆ ಕಿಟಕಿಗೆ ಬರ್ತದೆ ಅಂತ ಅವರು ಹೇಳಿದ್ರು. ಪಾಪ, ನೆರೆಹೊರೆ ಅಲ್ವಾ, ಅಂತ ಹೇಳಿ ಮರದ ಕಡೆ ತಿರುಗಿಸ್ದೆ. ಮರ ಕಂಪ್ಲೇಂಟ್ ಮಾಡುದಿಲ್ಲ ಅಲ್ವಾ." ಗಲ್ಲಾದ ಡ್ರಾಯರು ಎಳೆದು ಮತ್ತೆ ಮುಚ್ಚಿದಳು. "ಅಂದ್ರೆ ನಾನೇ ಕೊಂದದ್ದಾ ವಿಮಲಾ, ಅಷ್ಟನ್ನೂ?"

ಇವತ್ತು ನಾನೂ ಮೂರು ಕೊಂದಿದ್ದೇನೆ ಎಂದೆ. ಅವಳು ಎದ್ದು ಸಾಂಬಾರಿನ ಉಪ್ಪು ನೋಡಲು ಹೋದಳು. ಈ ಸಲ ಬಹಳ ಹೊತ್ತು ನೋಡಿದಳು.

ತಿರುಗಿ ಬಂದಾಗ ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಗುರುವಾರದೊಳಗೆ ಕೊಳವೆ ತಿರುಗಿಸಲು ಆಗುವುದಿಲ್ಲ, ಅದಕ್ಕೆ ಕೆಲಸದವರು ಬರಲು ವಾರ ಬೇಕು. ಹಾಗಾದರೆ ಕೊಳವೆಗೆ ಉಗುಳಲು ಬಿಸಿಯೇ ಇರಬಾರದು. ಗುರುವಾರ ಬೆಳಿಗ್ಗೆ ಇಡ್ಲಿ ಬೆಂದ ಮೇಲೆ ಒಲೆ ಆರಿಸುವುದು, ಬಾವಲಿಗಳು ಸಂಜೆ ಹೊರಡುವವರೆಗೆ ದೋಸೆಕಲ್ಲು ಕಾಯಿಸಬಾರದು. ಮಧ್ಯಾಹ್ನಕ್ಕೆ ಮೊಸರನ್ನ, ಕೋಸಂಬರಿ, ಮಜ್ಜಿಗೆ.

ಅಡುಗೆಯ ಭಟ್ಟರು ಸೌಟು ಹಿಡಿದುಕೊಂಡೇ ಹೊರಬಂದರು. "ದೋಸೆ ಇಲ್ಲದ ಉಡುಪಿ ಹೋಟೆಲಾ? ಹಾಗಾದ್ರೆ ನಾಡಿದ್ದು ಜುಹೂ ಹತ್ರ ಸಮುದ್ರದಲ್ಲಿ ನೀರಿಲ್ಲ ಅಂತ ಒಂದು ಬೋರ್ಡು ಹಾಕುವ."

"ಹಾಕಿ ಭಟ್ರೇ," ಅಂದಳು ಗುಲಾಬಿ. "ಮೊದ್ಲು ನಮ್ಮ ಬೋರ್ಡು ಬರೀರಿ."

ಸಂಜೆ ಚೇತನ್‌ನನ್ನು ಕರೆಸಿ ಎಲ್ಲ ಹೇಳಿದೆವು. ಅವನು ಕೊಳವೆಯನ್ನೂ ನೋಡಿದ, ನನ್ನ ಪುಸ್ತಕವನ್ನೂ ನೋಡಿದ. ಮಧ್ಯಾಹ್ನ ಪೈಪಿನ ಪ್ರಸಂಗದ ವಿಡಿಯೋ ಅವನ ಮೊಬೈಲಿಗೂ ಬಂದಿತ್ತು, ಹಾಗಾಗಿ ನನ್ನ ಮಾತಿಗೆ ಬೆಲೆ ಕಡಿಮೆಯಾಗಿತ್ತು.

"ಓಕೆ ಆಂಟಿ. ಗುರುವಾರ ಕಟಿಂಗ್‌ವಾಲೆ ಬರ್ತಾರೆ, ಆದ್ರೆ ಚಾರ್ ಬಜೇ ತಕ್ ವೇಟ್ ಮಾಡ್ತಾರೆ. ಒಂದು ಬಿದ್ರೂ ಕಟಿಂಗ್. ಒಂದೂ ಬೀಳ್ಲಿಲ್ಲ ಅಂದ್ರೆ ನಾನೇ ಪರ್ಮಿಶನ್ ಕಾಗದ ಹರೀತೇನೆ."

ಧಾರಾವಿ

ತಗಡಿನ ಮಾಡಿಗೆ ಹಾಸಲು ಗೋಣಿ ಬೇಕಿತ್ತು, ಅಲ್ಲೇ ತೊಡಕು ಬಂತು. ಗುಲಾಬಿಯ ಅಕ್ಕಿ, ಬೇಳೆ, ಈರುಳ್ಳಿ ಎಲ್ಲ ಈಗ ಪ್ಲಾಸ್ಟಿಕ್ ಚೀಲದಲ್ಲೇ ಬರುತ್ತವೆ, ಅದು ನೀರು ಹಿಡಿಯುವುದಿಲ್ಲ. ಕಟ್ಟಡದ ಗೋಣಿಗಳು ಕಟ್ಟಡಕ್ಕೇ ಬೇಕು. ಶಾಂತವ್ವನ ತಂಗಿ ರೇಣವ್ವ ಧಾರಾವಿಯಲ್ಲಿ ಹಳೆ ಚೀಲ ಹೊಲಿಯುತ್ತಾಳೆ ಎಂದು ಗೊತ್ತಾಗಿ, ಬುಧವಾರ ಶಾಂತವ್ವ ಕೆಲಸಕ್ಕೆ ರಜೆ ಹಾಕಿ ನನ್ನನ್ನು ಕರೆದುಕೊಂಡು ಹೊರಟಳು. ಮಾಹಿಮ್‌ನಲ್ಲಿ ಇಳಿದು ನಡೆದೆವು.

ಮೈಸೂರಿನಲ್ಲಿ ನಾವು ಹಳೆಯದನ್ನು ಅಟ್ಟಕ್ಕೆ ಹಾಕಿ ಮರೆಯುತ್ತೇವೆ. ಧಾರಾವಿಯಲ್ಲಿ ಯಾವ ವಸ್ತುವಿಗೂ ಹಳೆಯದಾಗುವ ಪುರಸೊತ್ತಿಲ್ಲ. ಒಂದು ಬಾಗಿಲಲ್ಲಿ ಮುರಿದ ಬಕೆಟ್ಟುಗಳನ್ನು ಬಣ್ಣಬಣ್ಣವಾಗಿ ಬೇರೆ ಮಾಡುತ್ತಿದ್ದರು, ಮುಂದಿನದರಲ್ಲಿ ಚರ್ಮದ ಬೆಲ್ಟಿಗೆ ತೂತು ಹೊಡೆಯುತ್ತಿದ್ದರು, ಅದರಾಚೆ ರೇಣವ್ವ ಗೋಣಿಯ ಗುಡ್ಡದ ಮೇಲೆ ಕೂತು ದಬ್ಬಣ ಎಳೆಯುತ್ತಿದ್ದಳು. ಕಾರಣ ಕೇಳಿ ಅಕ್ಕನನ್ನೂ ನನ್ನನ್ನೂ ಸರದಿಯಲ್ಲಿ ನೋಡಿದಳು.

"ಬಾವಲಿಗಿ ಹಾಸಾಕ? ಅಕ್ಕಾ, ಮನಷ್ಯಾರ ತಗಡಿನ ಪತ್ರಾದ ಕೆಳಗ ಬೇಯಾಕತ್ತೀವಿ, ಇಲ್ಲಿ ಯಾರ ಹಾಸ್ಯಾರ ನಮಗ?"

ತಲೆಯ ಮೇಲಿನ ತಗಡಿನತ್ತ ನೋಡಿ ನಾನು ಕತ್ತಿನ ಬೆವರು ಒರೆಸಿಕೊಂಡೆ. ಶಾಂತವ್ವ ಮಾತ್ರ ಹೇಳಿದಳು, "ನಿನಗೂ ಹಾಸೂಣ ತಡೀ. ಒಂದ ಕಡೆ ಹಾಸಿ ತೋರಿಸಿದ್ರ ನಾಕ ಮಂದಿ ಕಲೀತಾರ." ರೇಣವ್ವ ನಕ್ಕಳು, ತೂತಿಲ್ಲದ ಅರವತ್ತು ಚೀಲ ಆರಿಸಿ ಕಟ್ಟಿಕೊಟ್ಟಳು. ಊರಿಗೆ ಮರಳಿ ಒಂದು ತಿಂಗಳಾದ ಮೇಲೆ ಶಾಂತವ್ವ ಫೋನು ಮಾಡಿ ತಂಗಿಯ ಮಾಡಿಗೂ ಗೋಣಿ ಬಿದ್ದಿದೆ ಎಂದು ತಿಳಿಸಿದಳು. ಇದನ್ನು ಇಲ್ಲೇ ಬರೆದುಬಿಡುತ್ತೇನೆ, ಮರೆಯುವ ಮೊದಲು.

ಅರವತ್ತು ಚೀಲದ ಎರಡು ಹೊರೆ ಹಿಡಿದು ಹೆಂಗಸರ ಡಬ್ಬಿಗೆ ಹತ್ತಲು ಹೋದಾಗ ಒಳಗಿನವರು ಒಕ್ಕೊರಲಿನಿಂದ ನಮ್ಮನ್ನು ತಳ್ಳಿದರು. ಸಾಮಾನಿನ ಡಬ್ಬಿಗೆ ಓಡಿದೆವು. ಅಲ್ಲಿ ಮೀನಿನ ಬುಟ್ಟಿಯ ಜೊತೆ ಕೂತಿದ್ದ ಮೀನುಗಾರ ಹೆಂಗಸೊಬ್ಬಳು ಸರಿದು ಜಾಗ ಕೊಟ್ಟಳು. ಅವಳ ಬುಟ್ಟಿಯ ಮೇಲೆ ಏನಿತ್ತು ಗೊತ್ತೆ? ಒದ್ದೆ ಗೋಣಿ. ನಾನು ಅದನ್ನೇ ನೋಡುವುದನ್ನು ಕಂಡು ಮರಾಠಿಯಲ್ಲಿ ಏನೋ ಹೇಳಿದಳು. ಶಾಂತವ್ವ ಅರ್ಥ ಹೇಳಿದಳು: ಬಾಗಿಲ ಕಡೆ ಗಾಳಿಗೆ ಇಡಬೇಕು, ಗಾಳಿ ಆಡದಿದ್ದರೆ ಒದ್ದೆ ಗೋಣಿ ಬರೀ ಭಾರ. ಮೂವತ್ತು ವರ್ಷ ಕರಿಹಲಗೆಯ ಮೇಲೆ ನಾನು ಬರೆದದ್ದೂ ಇಷ್ಟೇ, ಆದರೆ ಎರಡು ತರಗತಿ ತೆಗೆದುಕೊಂಡಿದ್ದೆ.

ಗುರುವಾರ

ಬೆಳಿಗ್ಗೆ ಏಳಕ್ಕೆಲ್ಲ ಶಾಂತವ್ವ ಅಡುಗೆಮನೆಯ ಮಾಡಿನ ಮೇಲಿದ್ದಳು. ಅವಳ ಮೇಸ್ತ್ರಿಯೂ ಅವಳೂರಿನವನೇ, ಅರ್ಧ ದಿನ ಬಿಟ್ಟಿದ್ದ. ಚೀಲಗಳನ್ನು ಒಂದರ ಅಂಚು ಇನ್ನೊಂದರ ಮೇಲೆ ಬರುವಂತೆ ಹಾಸಿದಳು. ಸಮುದ್ರದ ಗಾಳಿ ಬರುವ ಪಶ್ಚಿಮದ ಕಡೆ ಬಿದಿರು ಊರಿ ಚೀಲಗಳನ್ನು ಸ್ವಲ್ಪ ಎತ್ತಿ ಕಟ್ಟಿದಳು. ನೀರು ಹಾರಿಸುವುದಿಲ್ಲ, ಮಗ್ಗಿನಿಂದ ಸುರಿಯುವುದಷ್ಟೆ, ಶಬ್ದವೇ ಇಲ್ಲದೆ. ಬಾವಲಿಗಳು ಒಂದು ಕಣ್ಣು ಬಿಟ್ಟು ನೋಡಿ ಮತ್ತೆ ಮುಚ್ಚಿದವು.

ಗೋಡೆಗೆ ಭಟ್ಟರು ಬರೆದ ಬೋರ್ಡು: "ಇವತ್ತು ದೋಸೆ ಇಲ್ಲ." ಕನ್ನಡ, ಹಿಂದಿ, ಮರಾಠಿ ಮೂರರಲ್ಲೂ ಇತ್ತು. ದಿನವೂ ಬರುವ ಗಿರಾಕಿಯೊಬ್ಬರು ಅದನ್ನು ಮೂರು ಭಾಷೆಯಲ್ಲೂ ಓದಿ, ಯಾರು ತೀರಿಕೊಂಡರು ಎಂದು ಕೇಳಿದರು. ಯಾರೂ ತೀರಿಕೊಳ್ಳಬಾರದು ಅಂತಲೇ ಹೀಗೆ ಎಂದು ಗುಲಾಬಿ ಅವರನ್ನು ಹಿತ್ತಿಲಿಗೆ ಕರೆದೊಯ್ದು ಮರ ತೋರಿಸಿದಳು. ಅವರು ಮೊಸರನ್ನದ ತಟ್ಟೆ ಹಿಡಿದು ಅಲ್ಲೇ ನಿಂತರು. ಅವರನ್ನು ನೋಡಿ ಇನ್ನಿಬ್ಬರು ಬಂದರು. ಒಂದು ಗಂಟೆಯ ಹೊತ್ತಿಗೆ ಅರ್ಧ ಹೋಟೆಲು ಹಿತ್ತಿಲಿನಲ್ಲಿ ಕತ್ತು ಮೇಲೆ ಮಾಡಿ ಊಟ ಮಾಡುತ್ತಿತ್ತು.

ಹನ್ನೊಂದಕ್ಕೇ ಬಂದಿದ್ದ ಕೊಂಬೆ ಕಡಿಯುವ ಮೂವರು ಗರಗಸವನ್ನು ಗೋಡೆಗೆ ಒರಗಿಸಿ ಕೂತಿದ್ದರು. ಚೇತನ್ ಮೊಬೈಲಿನ ಗಡಿಯಾರ ನೋಡುತ್ತಿದ್ದ.

ಹನ್ನೆರಡಕ್ಕೆ ರೆಕ್ಕೆಗಳು ಬಿಚ್ಚಿಕೊಂಡವು, ಬೀಸಣಿಗೆ ಶುರುವಾಯಿತು. ಅಂಗಳದ ಕಡೆಯವು ಬೀಸಿದಷ್ಟೇ ಹೋಟೆಲಿನ ಕಡೆಯವೂ ಬೀಸುತ್ತಿದ್ದವು. ಒಂದು ಗಂಟೆಗೆ ಬಿದಿರು ಚಾಚಿ ನೋಡಿದೆವು. ಎರಡು ಕಡೆಯ ನಡುವೆ ಒಂದು ಗೀಟಿನ ಅಂತರವೂ ಇರಲಿಲ್ಲ. ಎರಡು ಗಂಟೆ. ಎಂಜಲು ನೆಕ್ಕತೊಡಗಿದವು. ಸೋಮವಾರ ಇದೇ ಹೊತ್ತಿಗೆ ಏದುಸಿರಿನಲ್ಲಿದ್ದವು ಎಂದು ನನಗೆ ನಾನೇ ಹೇಳಿಕೊಂಡೆ.

ಎರಡೂವರೆ ದಾಟಿದ ಮೇಲೆ ಹೋಟೆಲಿನ ಕಡೆಯ ತುದಿಗೊಂಬೆಯಿಂದ ಒಂದು ತಾಯಿ ಕಾಂಡಕ್ಕೆ ಬಂತು. ಎದೆಯಲ್ಲಿ ಮರಿ. ಒಂದು ಮೊಳ ಜಾರಿತು. ಮತ್ತೊಂದು ಮೊಳ. ಗರಗಸದ ಪಕ್ಕ ಕೂತವನು ಎದ್ದು ನಿಂತ. ಚೇತನ್ ಮೊಬೈಲು ಕೆಳಗಿಳಿಸಿದ. ಗುಲಾಬಿ ನನ್ನ ತೋಳನ್ನು ಹಿಡಿದ ಹಿಡಿತದ ಗುರುತು ಮೈಸೂರಿಗೂ ನನ್ನ ಜೊತೆ ಬಂತು.

"ಆ ಮೂಲಿ ಆರೈತಿ!" ಶಾಂತವ್ವ ಪಿಸುಗುಟ್ಟಿದಳು. ಮಾಡಿನ ಆ ಮೂಲೆಯ ನಾಲ್ಕು ಚೀಲಗಳ ಬಣ್ಣ ತಿಳಿಯಾಗಿತ್ತು, ಗಾಳಿಗೆ ಬೇಗ ಒಣಗಿದ್ದವು. ಓಡಿದರೆ ತಗಡು ಸದ್ದು ಮಾಡುತ್ತದೆ. ಅವಳು ಬಕೆಟ್ಟು ಹಿಡಿದು ಕುಕ್ಕರಗಾಲಿನಲ್ಲೇ ಸರಿದು ಸರಿದು ಆ ಮೂಲೆ ತಲುಪಿದಳು. ಒಂದು ಮಗ್, ಇನ್ನೊಂದು ಮಗ್. ಹಿತ್ತಿಲಿನಲ್ಲಿ ಯಾರೂ ಅಗಿಯುತ್ತಿರಲಿಲ್ಲ. ಆಗ ಪಶ್ಚಿಮದಿಂದ ಗಾಳಿ ಬಂತು. ಮುಂಬಯಿಯಲ್ಲಿ ದಿನಾ ಮಧ್ಯಾಹ್ನ ಬರುವ ಗಾಳಿಯೇ, ವಿಶೇಷದ್ದೇನಲ್ಲ, ಆದರೆ ಅವತ್ತು ನನಗೆ ದೇವರು ಬಂದಂತಾಯಿತು. ಚೀಲಗಳು ಅಲುಗಿದವು. ಅವುಗಳ ಮೇಲಿಂದ ಹಾದ ತಂಪು ನಾನು ನಿಂತಲ್ಲಿಗೂ ತಾಗಿತು. ಕಾಂಡದ ಮೇಲಿನ ತಾಯಿ ಜಾರುವುದನ್ನು ನಿಲ್ಲಿಸಿತು. ಒಂದು ರೆಕ್ಕೆ ಬಿಡಿಸಿ ಗಾಳಿಗೆ ಹಿಡಿಯಿತು. ಮರಿ ಅದರ ಕಂಕುಳಿಂದ ತಲೆ ಹೊರಹಾಕಿ ಕೆಳಗೆ ನೆರೆದ ಜನರನ್ನು ನೋಡಿ ಆಕಳಿಸಿತು. ಹತ್ತು ನಿಮಿಷದ ಮೇಲೆ ಅವೆರಡೂ ಮತ್ತೆ ಕೊಂಬೆಗೆ ಹತ್ತಿದವು.

ಮೂರು ಗಂಟೆ. ಮೂರೂವರೆ. ನಾಲ್ಕು.

ಸೊನ್ನೆ. ಹನ್ನೊಂದು ವರ್ಷದಲ್ಲಿ ನಾನು ಬರೆದ ಸಂಖ್ಯೆಗಳಲ್ಲೆಲ್ಲ ಇಷ್ಟು ದೊಡ್ಡದು ಇನ್ನೊಂದಿಲ್ಲ. ಜಾಗಕ್ಕೊಂದು ಹೊಸ ಸಾಲು ಗೆರೆ ಹಾಕಿ, ಅದರ ಮೇಲೆ ಶಾಂತವ್ವನ ಹೆಸರು ಬರೆದು, ಕೆಳಗೆ ಆ ಸೊನ್ನೆಯನ್ನು ದುಂಡಗೆ ಬರೆದೆ. ಹಿತ್ತಿಲಿನಲ್ಲಿ ಯಾರೋ ಚಪ್ಪಾಳೆ ಹೊಡೆಯಲು ಹೋದರು, ಗುಲಾಬಿ ಕಣ್ಣು ಬಿಟ್ಟು ತಡೆದಳು. ಬಾವಲಿ ಮಲಗಿದೆಯಲ್ಲ! ಹಾಗಾಗಿ ಮೂವತ್ತು ಜನ ಸದ್ದಿಲ್ಲದೆ ಕೈಯೆತ್ತಿ ಕುಣಿದೆವು. ಅರವತ್ತೆರಡನೇ ವಯಸ್ಸಿನಲ್ಲಿ ನಾನೂ ಕುಣಿದೆ.

ಚೇತನ್ ಜೇಬಿನಿಂದ ಕಾಗದ ತೆಗೆದು ಹೇಳಿದಂತೆಯೇ ಹರಿದ. "ಆಂಟಿ, ಕೊಳವೆ ನಮ್ಮ ಕಡೆಗೇ ತಿರುಗಿಸಿ. ನಾನು ಬಿಲ್ಡಿಂಗಿನಲ್ಲಿ ಬೋಲ್ತೇನೆ. ಒಗ್ಗರಣೆ ವಾಸನೆ ಚಲೇಗಾ. ನನ್ನ ಮಮ್ಮಿಗೆ ಅದು ಪಸಂದ್ ಇದೆ."

ಗರಗಸದವರಲ್ಲಿ ಹಿರಿಯ ಬೆಳಿಗ್ಗೆಯಿಂದ ಕಾದು ಹಸಿದಿದ್ದ. ಈಗಲಾದರೂ ಒಂದು ಮಸಾಲೆದೋಸೆ ಸಿಗಬಹುದೇ ಎಂದು ಕೇಳಿದ. ಗುಲಾಬಿ ಬೋರ್ಡಿನತ್ತ ಬೆರಳು ತೋರಿಸಿ, ಮೂವರಿಗೂ ಬಾಳೆಲೆ ತುಂಬ ಮೊಸರನ್ನ ಬಡಿಸಿದಳು.

ಏಳೂಕಾಲಿಗೆ ಅವಳು ಹೋಟೆಲಿನ ಬಾಗಿಲಲ್ಲಿ ನಿಂತಳು. ಒಂದು ಪಕ್ಕ ನಾನು, ಇನ್ನೊಂದು ಪಕ್ಕ ಶಾಂತವ್ವ. ಮೊದಲು ಒಂದು ಹೊರಟಿತು, ಆಮೇಲೆ ಹತ್ತು, ಆಮೇಲೆ ಇಡೀ ಮರ. ರಸ್ತೆಯ ಮೇಲೆ, ಬಿಲ್ಡಿಂಗಿನ ಮೇಲೆ, ಮೆಟ್ರೋ ಹಳಿಯ ಮೇಲೆ ಸಾಲಾಗಿ, ಮರಿಗಳನ್ನು ಎದೆಗೆ ಕಟ್ಟಿಕೊಂಡು ಹೋದವು. ಕೊನೆಯದು ಮರೆಯಾಗುವವರೆಗೂ ಗುಲಾಬಿ ಕಣ್ಣು ತೆಗೆಯಲಿಲ್ಲ. ಈ ಸಲ ಅವಳು ಉಪ್ಪು ನೋಡಲು ಹೋಗಲಿಲ್ಲ. ಎಲ್ಲರ ಎದುರಿಗೇ ಅತ್ತಳು, ಸೆರಗಿನಿಂದ ಮುಖ ಒರೆಸಿಕೊಂಡಳು, ಒಳಗೆ ತಿರುಗಿ ಕೂಗಿದಳು.

"ಭಟ್ರೇ, ಅವು ಹೋದುವು. ಕಲ್ಲು ಕಾಯಿಸಿ. ಮೊದಲ ದೋಸೆ ಶಾಂತವ್ವನಿಗೆ."